ಬಿಸಿಲು ನಾಡಿನ ಹಿತ್ತಲಿನಿಂದ ಗುರು, ಶನಿ: ಟೆಲಿಸ್ಕೋಪಿಗಿಂತ ಮೊದಲು ಗಾಳಿ ನೋಡಿ

ಹೊಸದಾಗಿ ಟೆಲಿಸ್ಕೋಪ್ ತಗೊಂಡವರು ಒಂದು ವಾರದೊಳಗೆ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಗುರು ಗ್ರಹ ಸಿಕ್ಕಿತು, ಪಕ್ಕದಲ್ಲಿ ನಾಲ್ಕು ಚುಕ್ಕಿಯೂ ಕಂಡವು, ಆದರೆ ಗುರು ಮಾತ್ರ ಬೆಳ್ಳಗೆ ಕುದಿಯುತ್ತಿದೆ, ಪಟ್ಟೆ ಎಲ್ಲಿ, ಕನ್ನಡಿ ಕೆಟ್ಟಿದೆಯಾ? ಕನ್ನಡಿ ಕೆಟ್ಟಿರುವುದು ಅಪರೂಪ. ಕೆಟ್ಟಿರುವುದು ಗಾಳಿ. ಅದರಲ್ಲೂ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಎಲ್ಲೋ ಮೇಲಿನ ಗಾಳಿಗಿಂತ ನಿಮ್ಮ ಕಾಲ ಕೆಳಗಿನ ಗಾಳಿಯೇ ಜಾಸ್ತಿ ಕಾಟ ಕೊಡುತ್ತದೆ. ಮೇಲಿನದು ನಮ್ಮ ಕೈಯಲ್ಲಿಲ್ಲ. ಕೆಳಗಿನದು ಇದೆ.

ಇಲ್ಲಿ ಹೇಳುತ್ತಿರುವುದೆಲ್ಲ ನಾಲ್ಕೂವರೆಯಿಂದ ಆರು ಇಂಚಿನ ಕನ್ನಡಿಯ ಟೆಲಿಸ್ಕೋಪ್ ಇಟ್ಟುಕೊಂಡವರಿಗೆ. ಲೆನ್ಸಿನ ಟೆಲಿಸ್ಕೋಪ್ ಇದ್ದರೂ ಮುಕ್ಕಾಲು ಪಾಲು ಅನ್ವಯಿಸುತ್ತದೆ. ಇನ್ನೊಂದು ಮಾತು, ಗ್ರಹ ನೋಡಲು ಕತ್ತಲು ಬೇಕಿಲ್ಲ. ಬೀದಿ ದೀಪ ಉರಿಯಲಿ, ಹುಣ್ಣಿಮೆ ಇರಲಿ, ಪಕ್ಕದ ಮನೆಯ ಮದುವೆ ಲೈಟಿಂಗ್ ಇರಲಿ, ಗುರು ಶನಿಗೆ ಏನೂ ಆಗಲ್ಲ. ಕಾರು ಮಾಡಿಕೊಂಡು ಊರಾಚೆ ಹೋಗುವ ಖರ್ಚು ಉಳಿಯಿತು ಅಲ್ವಾ.

ಎಂಟು ಗಂಟೆಗೆ ಹೊರಗೆ ಬಂದು ನೆತ್ತಿ ನೋಡಿ

ಆಕಾಶ ತಿಳಿಯಾಗಿರುವುದು ಒಂದು, ಗಾಳಿ ನಿಂತಿರುವುದು ಇನ್ನೊಂದು. ಹವ್ಯಾಸಿಗಳು ಎರಡನೆಯದನ್ನು ಸೀಯಿಂಗ್ ಅಂತ ಕರೆಯುತ್ತಾರೆ. ಬಿಸಿ ಗಾಳಿ, ತಣ್ಣನೆಯ ಗಾಳಿ ಎರಡೂ ಬೆಳಕನ್ನು ಬೇರೆ ಬೇರೆ ಮಟ್ಟದಲ್ಲಿ ಬಾಗಿಸುತ್ತವೆ. ಅವು ಕಲಸಿಕೊಂಡು ಹರಿದಾಗ ಗ್ರಹದ ಬೆಳಕು ಅಡ್ಡಾದಿಡ್ಡಿ ಬಾಗಿ ಬರುತ್ತದೆ. ಕಾದ ರೊಟ್ಟಿ ಹಂಚಿನ ಆಚೆ ಕೂತವರ ಮುಖ ಅಲುಗಾಡಿ ಕಾಣುತ್ತದಲ್ಲ, ಅದೇ ಆಟ. ಇಲ್ಲಿ ಹಂಚು ಕಿಲೋಮೀಟರುಗಟ್ಟಲೆ ದಪ್ಪ ಇದೆ, ಮೇಲಿಂದ ನಾವು ಆ ಅಲುಗಾಟವನ್ನು ನೂರು ಪಟ್ಟು ದೊಡ್ಡದು ಮಾಡಿ ನೋಡುತ್ತಿದ್ದೇವೆ.

ಆದ್ದರಿಂದ ಟೆಲಿಸ್ಕೋಪ್ ಎತ್ತುವ ಮುಂಚೆ ಬರಿಗಣ್ಣಿನಲ್ಲಿ ಒಂದು ಪರೀಕ್ಷೆ. ದಿಗಂತದ ಕಡೆ ನೋಡಬೇಡಿ, ಅಲ್ಲಿ ಚುಕ್ಕಿಗಳು ಯಾವಾಗಲೂ ಮಿನುಗುತ್ತವೆ. ನೆತ್ತಿಯ ಹತ್ತಿರದ್ದನ್ನು ನೋಡಿ. ನಮ್ಮ ಅಕ್ಷಾಂಶ 15–16 ಡಿಗ್ರಿ, ಹಾಗಾಗಿ ಚಳಿಗಾಲದಲ್ಲಿ ರೋಹಿಣಿ ಹೆಚ್ಚುಕಮ್ಮಿ ತಲೆಯ ಮೇಲೇ ದಾಟುತ್ತದೆ. ಬೇಸಿಗೆಗೆ ಸ್ವಾತಿ ಇದೆ, ಮಳೆಗಾಲ ಮುಗಿಯುವ ಹೊತ್ತಿಗೆ ಶ್ರವಣ. ಆ ಚುಕ್ಕಿ ಅಲುಗಾಡದೆ ನಿಂತಿದ್ದರೆ ಇವತ್ತು ಕೆಲಸ ಇದೆ. ಪಳಪಳ ಹೊಳೆದು ಬಣ್ಣ ಬದಲಾಯಿಸುತ್ತಿದ್ದರೆ ದೊಡ್ಡ ಆಸೆ ಇಟ್ಟುಕೊಳ್ಳಬೇಡಿ.

ಇಲ್ಲೇ ಬಹಳ ಜನ ಉಲ್ಟಾ ಯೋಚಿಸುವುದು. ಒಂದು ಜೋರು ಮಳೆ ಬಿದ್ದು ಧೂಳೆಲ್ಲ ತೊಳೆದು ಹೋಗಿ, ಸಂಜೆ ಗಾಳಿ ಬೀಸಿ, ಆಕಾಶ ಕಡುಕಪ್ಪಾಗಿ ಚುಕ್ಕಿ ಎಲ್ಲ ಮಿಂಚತೊಡಗಿದರೆ ಆಹಾ ಇವತ್ತೇ ಶನಿ ನೋಡೋಣ ಅನ್ನುತ್ತಾರೆ. ಮಂಕು ಕವಿದು, ಸಂಡೂರು ತೋರಣಗಲ್ಲು ದಿಕ್ಕಿನ ಆಕಾಶ ಧೂಳಿನಿಂದ ಕಂದಾಗಿ, ಗಾಳಿ ಒಂದು ಎಲೆಯನ್ನೂ ಅಲ್ಲಾಡಿಸದ ರಾತ್ರಿ ಟೆಲಿಸ್ಕೋಪ್ ಒಳಗಿಟ್ಟು ಮಲಗುತ್ತಾರೆ. ನನ್ನ ಕೇಳಿದರೆ ಎರಡನೆಯ ರಾತ್ರಿಯೇ ಗ್ರಹಕ್ಕೆ ಒಳ್ಳೆಯದು. ಮಂಕು ಸ್ವಲ್ಪ ಬೆಳಕು ತಿನ್ನುತ್ತದೆ ಅಷ್ಟೇ, ಗುರುವಿಗೆ ಬೆಳಕಿಗೇನು ಬರ. ನಿಂತ ಗಾಳಿ ಸಿಗುವುದು ಕಷ್ಟ.

ಮಾಳಿಗೆಯೋ ಹಿತ್ತಲೋ

ನಮ್ಮ ಕಡೆ ಆಕಾಶ ಅಂದ ತಕ್ಷಣ ಮಾಳಿಗೆ ಹತ್ತುವುದು ರೂಢಿ. ಗ್ರಹ ನೋಡಲು ಅದೇ ಕೆಟ್ಟ ಜಾಗ. ಏಪ್ರಿಲ್ ಮೇನಲ್ಲಿ ಬಳ್ಳಾರಿ ರಾಯಚೂರಲ್ಲಿ 40 ಡಿಗ್ರಿ ದಾಟಿದ ಬಿಸಿಲನ್ನು ಆರ್‌ಸಿಸಿ ಇಡೀ ದಿನ ಕುಡಿದಿರುತ್ತದೆ, ರಾತ್ರಿ ಹನ್ನೊಂದಕ್ಕೆ ಬರಿಗಾಲಲ್ಲಿ ನಿಂತರೂ ಝಳ ಅಂಗಾಲಿಗೆ ತಾಕುತ್ತದೆ. ಆ ಝಳ ಟೆಲಿಸ್ಕೋಪಿನ ಬಾಯಿಯ ಮುಂದೆಯೇ ಮೇಲೇಳುತ್ತದೆ. ಎಷ್ಟೇ ದುಡ್ಡು ಕೊಟ್ಟು ತಂದ ಐಪೀಸ್ (ಕಣ್ಣಿಟ್ಟು ನೋಡುವ ಲೆನ್ಸ್) ಹಾಕಿದರೂ ಅದನ್ನು ದಾಟಲಾಗದು.

ಹಿತ್ತಲಿನ ಬರಿಮಣ್ಣು, ಹುಲ್ಲು ಬೇಗ ತಣಿಯುತ್ತವೆ. ಒಂದು ಬೇವಿನ ಮರ ಆಕಾಶದ ಒಂದು ಮೂಲೆಯನ್ನು ಮುಚ್ಚಿದರೂ ಪರವಾಗಿಲ್ಲ, ಗ್ರಹ ಆ ಮೂಲೆಯಿಂದ ಆಚೆ ಬರುವವರೆಗೆ ಕಾಯಬಹುದು. ಹಿತ್ತಲು ಇಲ್ಲದವರು ಮಾಳಿಗೆಯನ್ನೇ ಒಗ್ಗಿಸಿಕೊಳ್ಳಬೇಕು. ಸಂಜೆ ಸೂರ್ಯ ಮುಳುಗುವ ಹೊತ್ತಿಗೆ, ಮನೆ ತಂಪಾಗಲಿ ಅಂತ ಹೇಗೂ ನೀರು ಹೊಡೆಯುತ್ತೀರಲ್ಲ, ಅದನ್ನೇ ಸ್ವಲ್ಪ ಧಾರಾಳವಾಗಿ ಹೊಡೆಯಿರಿ. ನೀರು ಆರುವಾಗ ಕಾಂಕ್ರೀಟಿನ ಶಾಖ ಎಳೆದುಕೊಂಡು ಹೋಗುತ್ತದೆ. ಆದರೆ ನೋಡಲು ಕೂರುವ ಹೊತ್ತಿಗೆ ಹೊಡೆದರೆ ಪ್ರಯೋಜನವಿಲ್ಲ, ಆರಲು ಟೈಮ್ ಬೇಕು. ಸುಣ್ಣ ಅಥವಾ ಬಿಳಿ ಪೇಂಟ್ ಬಳಿದ ಮಾಳಿಗೆ ಕಪ್ಪಾದ ಮಾಳಿಗೆಗಿಂತ ಎಷ್ಟೋ ವಾಸಿ.

ಜಾಗ ಆರಿಸುವಾಗ ಸುತ್ತ ಒಮ್ಮೆ ಕಣ್ಣಾಡಿಸಿ. ಎಸಿಯ ಹೊರಗಿನ ಡಬ್ಬ ಬಿಸಿಗಾಳಿ ಕಾರುತ್ತಿದೆಯಾ? ಗ್ರಹ ಇರುವ ದಿಕ್ಕಿನಲ್ಲಿ ರೈಸ್ ಮಿಲ್ಲಿನ ಚಿಮಣಿ ಇದೆಯಾ? ಸಿಂಧನೂರು, ಗಂಗಾವತಿ, ಸಿರುಗುಪ್ಪದವರಿಗೆ ಇದು ದಿನದ ಮಾತು. ಬಳ್ಳಾರಿ ಊರೊಳಗಿನವರಿಗೆ ಗುಡ್ಡ ಇದೆ. ಹಗಲೆಲ್ಲ ಕಾದ ಬಂಡೆ ರಾತ್ರಿ ಬಹಳ ಹೊತ್ತು ಶಾಖ ಬಿಡುತ್ತದೆ, ಕೋಟೆಯ ತಲೆಗೆ ತಾಗಿಕೊಂಡು ಇಳಿಯುವ ಗ್ರಹ ಫೋಟೋಗೆ ಚಂದ, ಐಪೀಸಿನಲ್ಲಿ ಬರೀ ನಡುಕ. ಕೊಪ್ಪಳ, ಆನೆಗೊಂದಿ ಕಡೆಯ ಬಂಡೆಗಳ ನಡುವೆ ಟೆಲಿಸ್ಕೋಪ್ ಇಡುವ ಆಸೆ ಇರುವವರಿಗೂ ಇದೇ ಮಾತು. ಬೆಳಗಿನ ಜಾವ ಹೋಗಿ, ಸಂಜೆ ಬೇಡ.

ಎರಡೂ ಬಿಟ್ಟು ಮೂರನೆಯ ಜಾಗ ಸಿಗುವವರು ಕಾಲುವೆ ಕೆಳಗಿನ ರೈತರು. ತುಂಗಭದ್ರಾ ಎಡದಂಡೆ ನೀರು ನಿಂತ ಗದ್ದೆ ನಿಧಾನಕ್ಕೆ ಕಾದು ನಿಧಾನಕ್ಕೆ ತಣಿಯುತ್ತದೆ. ಅದರ ಮೇಲಿನ ಗಾಳಿಯಲ್ಲಿ ಏರುಪೇರು ಕಮ್ಮಿ. ಬದಲಿಗೆ ಇಬ್ಬನಿ, ಸೊಳ್ಳೆ, ಹುಳ ಎಲ್ಲಾ ಸಹಿಸಬೇಕು. ಸೊಳ್ಳೆ ಬತ್ತಿಯನ್ನು ಟ್ಯೂಬಿನ ಕೆಳಗೆ ಹಚ್ಚಿಡಬೇಡಿ, ಗಾಳಿ ಬೀಸುವ ದಿಕ್ಕು ನೋಡಿ ಆಚೆ ಇಡಿ. ಸೊಳ್ಳೆ ಮುಲಾಮು ಹಚ್ಚಿದ ಬೆರಳಲ್ಲಿ ಐಪೀಸ್ ಮುಟ್ಟಲೂಬೇಡಿ. ಕೊಯ್ಲಾದ ಮೇಲೆ ಹುಲ್ಲಿಗೆ ಬೆಂಕಿ ಇಡುವ ವಾರಗಳಲ್ಲಿ ಆ ಕಡೆ ಹೋಗದಿರುವುದೇ ಲೇಸು.

ಟೆಲಿಸ್ಕೋಪ್ ಮೊದಲು ತಣಿಯಲಿ

ಈ ಒಂದು ಹೆಜ್ಜೆಯನ್ನು ಬಿಟ್ಟವರೇ ಜಾಸ್ತಿ, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ. ಮೇಲಿನ ಮಹಡಿಯ ಕೋಣೆಯಲ್ಲಿ ಬೀರುವಿನ ಪಕ್ಕ ನಿಂತಿದ್ದ ಟೆಲಿಸ್ಕೋಪಿನ ಕನ್ನಡಿ ಮೇ ತಿಂಗಳಲ್ಲಿ 36–37 ಡಿಗ್ರಿ ಇರಬಹುದು. ಹೊರಗೆ ರಾತ್ರಿ 28. ಗಾಜು ದಪ್ಪ, ಬೇಗ ತಣಿಯಲ್ಲ. ಅಲ್ಲಿಯವರೆಗೆ ಕನ್ನಡಿಯ ಮೇಲಿನ ಬಿಸಿಗಾಳಿ ಕೊಳವೆಯೊಳಗೇ ಸುತ್ತುತ್ತಿರುತ್ತದೆ. ಆಕಾಶದ ಗಾಳಿ ಎಷ್ಟೇ ನಿಂತಿರಲಿ, ನಿಮ್ಮ ಕೊಳವೆಯೊಳಗೆ ಸಣ್ಣದೊಂದು ಬಿರುಗಾಳಿ ಇದ್ದರೆ ಏನು ಬಂತು.

ಆರು ಇಂಚಿನ ಕನ್ನಡಿಗೆ ಕನಿಷ್ಠ ಮುಕ್ಕಾಲು ಗಂಟೆ ಕೊಡಿ, ಎಂಟು ಇಂಚಿಗೆ ಒಂದು ಗಂಟೆಗಿಂತ ಮೇಲೆ. ಊಟಕ್ಕೆ ಕೂರುವ ಮುಂಚೆ ಹೊರಗಿಡಿ, ಕೈ ತೊಳೆದು ಬರುವಷ್ಟರಲ್ಲಿ ಅರ್ಧ ಕೆಲಸ ಆಗಿರುತ್ತದೆ. ಇಡುವುದಾದರೂ ಹಗಲಲ್ಲಿ ಕೆಳಗಿನ ಕೋಣೆಯಲ್ಲಿ, ಉತ್ತರದ ಗೋಡೆ ಕಡೆ ಇಡಿ. ಹಳೆ ಕಂಪ್ಯೂಟರಿನ ಸಣ್ಣ ಫ್ಯಾನ್ ಒಂದನ್ನು ಕನ್ನಡಿಯ ಹಿಂದೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿ ತಿರುಗಿಸಿದರೆ ಇನ್ನೂ ಬೇಗ ತಣಿಯುತ್ತದೆ, ಅದಕ್ಕೆ ತಕ್ಕ ವೋಲ್ಟಿನ ಬ್ಯಾಟರಿ ಇದ್ದರೆ ಸಾಕು. ಎಸಿ ರೂಮಿನಲ್ಲಿ ಇಡುವುದು ಮಾತ್ರ ಬುದ್ಧಿವಂತಿಕೆ ಅಲ್ಲ. ಮಳೆಗಾಲದ ತೇವದ ಗಾಳಿಗೆ ತಣ್ಣನೆಯ ಗಾಜು ತಂದರೆ ಅದರ ಮೇಲೆ ನೀರು ಕೂರುತ್ತದೆ. ಬಟ್ಟೆಯಲ್ಲಿ ಒರೆಸಬೇಡಿ, ತಾನೇ ಆರಲಿ.

ತಣಿದಿದೆಯೋ ಇಲ್ಲವೋ ಹೇಗೆ ಗೊತ್ತಾಗಬೇಕು? ಒಂದು ಪ್ರಕಾಶಮಾನ ಚುಕ್ಕಿಯನ್ನು 100 ಪಟ್ಟಿನ ಸುಮಾರಿಗೆ ಹಿಡಿದು, ಫೋಕಸ್ ಗುಬ್ಬಿಯನ್ನು ಬೇಕೆಂದೇ ಸ್ವಲ್ಪ ತಿರುಗಿಸಿ ಮಸುಕು ಮಾಡಿ. ಚುಕ್ಕಿ ಅಗಲವಾದ ಬೆಳಕಿನ ಬಿಲ್ಲೆ ಆಗುತ್ತದೆ, ನಡುವೆ ಟ್ಯೂಬಿನ ಬಾಯಿ ಹತ್ತಿರದ ಸಣ್ಣ ಕನ್ನಡಿಯ ಕಪ್ಪು ನೆರಳು. ಈಗ ಒಂದು ಕೈಯನ್ನು ಟ್ಯೂಬಿನ ಬಾಯಿಯ ಮುಂದೆ ಹಿಡಿಯಿರಿ. ಬಿಲ್ಲೆಯ ಮೇಲೆ ನಿಮ್ಮ ಬೆರಳುಗಳ ನೆರಳು, ಆ ಬೆರಳುಗಳಿಂದ ಹೊಗೆ ಎದ್ದು ಸುರುಳಿ ಸುರುಳಿಯಾಗಿ ಒಂದೇ ಕಡೆಗೆ ಹರಿಯುವುದು ಕಾಣುತ್ತದೆ. ಅದು ನಿಮ್ಮ ಮೈಯ ಶಾಖ. ಮೊದಲ ಸಲ ನೋಡಿದವರು ಕೈಯನ್ನು ಹಿಂದೆ ಎಳೆದುಕೊಂಡು ಬೆರಳು ನೋಡಿಕೊಳ್ಳುತ್ತಾರೆ. ಕೈ ತೆಗೆದ ಮೇಲೂ ಅಂಥದೇ ನಿಧಾನದ ಸುರುಳಿ ಬಿಲ್ಲೆಯ ಒಂದು ಬದಿಯಿಂದ ಏಳುತ್ತಿದ್ದರೆ ಕನ್ನಡಿ ಇನ್ನೂ ಬಿಸಿ ಇದೆ, ಕಾಯಿರಿ. ಸುರುಳಿ ಇಲ್ಲದೆ ಸಣ್ಣ ಸಣ್ಣ ಅಲೆಗಳು ಒಂದೇ ದಿಕ್ಕಿಗೆ ಸರಸರನೆ ಓಡುತ್ತಿದ್ದರೆ ಅದು ಎತ್ತರದ ಗಾಳಿ, ಅದಕ್ಕೆ ಫ್ಯಾನ್ ಕಟ್ಟಲಾಗದು.

ಅದೇ ಬಿಲ್ಲೆಯಲ್ಲಿ ಇನ್ನೊಂದು ಕೆಲಸವೂ ಮುಗಿಸಿಬಿಡಿ. ಕಪ್ಪು ನೆರಳು ಸರಿಯಾಗಿ ನಡುವೆ ಇದೆಯಾ ನೋಡಿ. ಒಂದು ಕಡೆ ಸರಿದಿದ್ದರೆ ಕನ್ನಡಿಗಳು ಒಂದಕ್ಕೊಂದು ನೇರ ಇಲ್ಲ. ಬೈಕಿನಲ್ಲಿ ಹೊತ್ತು ತಂದ ಟೆಲಿಸ್ಕೋಪಿಗೆ ಇದು ಆಗಿಯೇ ಆಗುತ್ತದೆ. ಕನ್ನಡಿಯ ಹಿಂದಿನ ಮೂರು ತಿರುಪುಗಳನ್ನು ಚೂರು ಚೂರೇ ತಿರುಗಿಸಿ ಸರಿ ಮಾಡಿ.

ಗ್ರಹ ಮೇಲೆ ಬರಲಿ ಬಿಡಿ

ದಿಗಂತದಿಂದ 30 ಡಿಗ್ರಿ ಎತ್ತರದಲ್ಲಿರುವ ಗ್ರಹದ ಬೆಳಕು ನೆತ್ತಿಯಲ್ಲಿರುವ ಗ್ರಹದ ಬೆಳಕಿಗಿಂತ ಎರಡು ಪಟ್ಟು ಗಾಳಿ ದಾಟಿ ಬರಬೇಕು. 20 ಡಿಗ್ರಿಗೆ ಹೆಚ್ಚುಕಮ್ಮಿ ಮೂರು ಪಟ್ಟು. ಕೆಳಗಿದ್ದಾಗ ಗ್ರಹದ ಒಂದು ಅಂಚು ಕೆಂಪಗೆ, ಇನ್ನೊಂದು ಅಂಚು ನೀಲಿಯಾಗಿ ಕಾಣುವುದೂ ಇದರಿಂದಲೇ, ಗಾಳಿ ಬಣ್ಣಗಳನ್ನು ಬೇರೆ ಮಾಡುತ್ತದೆ. ಮುಷ್ಟಿ ಕಟ್ಟಿ ಕೈ ಪೂರ್ತಿ ಚಾಚಿದರೆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ದಿಗಂತದಿಂದ ನಾಲ್ಕು ಮುಷ್ಟಿ ಮೇಲೆ ಬರುವವರೆಗೆ ಟೀ ಕುಡಿಯುತ್ತಾ ಕೂರಿ.

ಈ ವಿಷಯದಲ್ಲಿ ನಾವು ಪುಣ್ಯವಂತರು. ಲಂಡನ್ನಿನವರ ಅಕ್ಷಾಂಶ 51 ಡಿಗ್ರಿ ದಾಟಿದೆ, ಶನಿಯೋ ಗುರುವೋ ದಕ್ಷಿಣಕ್ಕೆ ಇಳಿದ ವರ್ಷಗಳಲ್ಲಿ ಅವರಿಗೆ ಗ್ರಹ ಮನೆಗಳ ಸೂರಿನ ಮೇಲೆ ತೆವಳುತ್ತದೆ. ನಮಗೆ ಯಾವ ಗ್ರಹವೇ ಆಗಲಿ, ಯಾವ ವರ್ಷವೇ ಆಗಲಿ, 45 ಡಿಗ್ರಿಗಿಂತ ಮೇಲೆ ಬಂದೇ ಬರುತ್ತದೆ. ಸೂರ್ಯನ ಬೆನ್ನಿಗೇ ಇರುವ ಬುಧ, ಶುಕ್ರ ಮಾತ್ರ ಇದಕ್ಕೆ ಹೊರತು. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿ ಎರಡು ಮೀಟರಿನ ಟೆಲಿಸ್ಕೋಪ್ ಇಟ್ಟು ಇಲ್ಲಿ ಹೊಸಕೋಟೆಯಲ್ಲಿ ಕೂತು ಓಡಿಸುವ ವಿಜ್ಞಾನಿಗಳದೂ ಇದೇ ಲೆಕ್ಕ, ಗಾಳಿ ಎಷ್ಟು ಕಮ್ಮಿ ಆದರೆ ಅಷ್ಟು ಒಳ್ಳೆಯದು. ನಮಗೆ ಹಾನ್ಲೆ ಇಲ್ಲ, ನೆತ್ತಿ ಇದೆ.

ಪವರ್ ಏರಿಸುವುದು, ಇಳಿಸುವುದು

ಟೆಲಿಸ್ಕೋಪಿನ ಫೋಕಲ್ ಲೆಂತನ್ನು (ಕನ್ನಡಿಯಿಂದ ಬೆಳಕು ಒಂದೆಡೆ ಸೇರುವ ಜಾಗದವರೆಗಿನ ದೂರ) ಐಪೀಸಿನ ನಂಬರಿನಿಂದ ಭಾಗಿಸಿದರೆ ಪವರ್. 1200 ಮಿ.ಮೀ. ಟ್ಯೂಬಿಗೆ 25ರ ಐಪೀಸ್ ಹಾಕಿದರೆ 48 ಪಟ್ಟು, 10ರದು ಹಾಕಿದರೆ 120, ಅದಕ್ಕೆ ಎರಡು ಪಟ್ಟಿನ ಬಾರ್ಲೋ, ಅಂದರೆ ಪವರ್ ಏರಿಸುವ ಲೆನ್ಸ್, ಸೇರಿಸಿದರೆ 240. ಡಬ್ಬದ ಮೇಲೆ 500, 600 ಅಂತ ಅಚ್ಚು ಹಾಕಿರುವುದನ್ನು ಸುಮ್ನೆ ಓದಿ ನಕ್ಕು ಬಿಡಿ.

ಗುರು ವಿರೋಧದ ಹೊತ್ತಿಗೆ, ಅಂದರೆ ಸೂರ್ಯನ ಎದುರು ದಿಕ್ಕಿಗೆ ಬಂದು ರಾತ್ರಿಯಿಡೀ ಕಾಣುವ ಹೊತ್ತಿಗೆ, ಸುಮಾರು 45 ಆರ್ಕ್‌ಸೆಕೆಂಡ್ ಅಗಲ ಕಾಣುತ್ತದೆ (ಒಂದು ಡಿಗ್ರಿಯಲ್ಲಿ 3,600 ಆರ್ಕ್‌ಸೆಕೆಂಡ್). ಚಂದ್ರ 1,800. ಹಾಗಾಗಿ 40 ಪಟ್ಟಿನಲ್ಲಿ ನೋಡಿದ ಗುರು, ಬರಿಗಣ್ಣಿಗೆ ಕಾಣುವ ಚಂದ್ರನಷ್ಟೇ ದೊಡ್ಡದು. ನಂಬಲು ಕಷ್ಟ ಆಗುತ್ತದೆ, ಲೆಕ್ಕ ಮಾತ್ರ ಅದೇ. ಆರು ಇಂಚಿನ ಕನ್ನಡಿ ಒಂದು ಆರ್ಕ್‌ಸೆಕೆಂಡಿಗಿಂತ ಸಣ್ಣ ವಿವರವನ್ನೂ ಬಿಡಿಸಬಲ್ಲದು. ಆದರೆ ಸಾಧಾರಣ ರಾತ್ರಿಯ ಗಾಳಿ ಎರಡು ಮೂರು ಆರ್ಕ್‌ಸೆಕೆಂಡಿನಷ್ಟನ್ನು ಕಲಸಿ ಹಾಕುತ್ತದೆ. ಪವರ್ ಏರಿಸಿದರೆ ಆ ಕಲಸುವಿಕೆಯೂ ಅಷ್ಟೇ ದೊಡ್ಡದಾಗುತ್ತದೆ.

ಹೀಗೆ ಮಾಡಿ. ಕಮ್ಮಿ ಪವರಿನಲ್ಲಿ ಗ್ರಹ ಹಿಡಿದು ನಡುವೆ ತನ್ನಿ. ಫೋಕಸ್ ಮಾಡುವಾಗ ಗುರುವಿನ ಮೈ ನೋಡಬೇಡಿ, ಅದರ ಒಂದು ಉಪಗ್ರಹ ನೋಡಿ, ಆ ಚುಕ್ಕಿ ಎಷ್ಟು ಸಣ್ಣದಾಗುತ್ತದೋ ಅಷ್ಟಕ್ಕೆ ನಿಲ್ಲಿಸಿ. ಶನಿಗಾದರೆ ಉಂಗುರದ ತುದಿ. ಆಮೇಲೆ 100–120ಕ್ಕೆ ಏರಿಸಿ ಐದು ನಿಮಿಷ ನೋಡಿ. ಅಂಚು ಹರಿಯದೆ ನಿಂತಿದ್ದರೆ ಇನ್ನೊಂದು ಮೆಟ್ಟಿಲು. ಗ್ರಹ ದೊಡ್ಡದಾಗಿಯೂ ಹೊಸದೇನೂ ಕಾಣದಿದ್ದರೆ ಒಂದು ಮೆಟ್ಟಿಲು ಇಳಿಯಿರಿ. ಇವತ್ತಿನ ಗಾಳಿ ಕೊಡುವುದು ಅಷ್ಟೇ. ನಮ್ಮ ಕಡೆ ಆರು ಇಂಚಿಗೆ 120ರಿಂದ 150 ಬಹಳ ರಾತ್ರಿಗಳಿಗೆ ಸಾಕು, 200 ದಾಟಿಸುವಂಥ ರಾತ್ರಿ ಬಂದಾಗ ನಿಮಗೇ ತಿಳಿಯುತ್ತದೆ. ಗಾಳಿ ಕೆಟ್ಟಾಗ ಫೋಕಸ್ ಗುಬ್ಬಿಯನ್ನು ಪದೇ ಪದೇ ತಿರುಗಿಸುವ ಚಟ ಎಲ್ಲರಿಗೂ ಹತ್ತುತ್ತದೆ. ಒಮ್ಮೆ ಸರಿ ಮಾಡಿದ ಮೇಲೆ ಕೈ ತೆಗೆಯಿರಿ.

ಕೂತು ನೋಡಿ

ನಿಂತು ಬಗ್ಗಿ ನೋಡುವವರಿಗೆ ಗುರು ಅರ್ಧ ನಿಮಿಷಕ್ಕೆ ಬೇಜಾರು ಬರುತ್ತದೆ. ಒಂದು ಸ್ಟೂಲ್ ತಗೊಳ್ಳಿ. ಸೊಂಟ, ಕುತ್ತಿಗೆ ಹಾಯಾಗಿರಬೇಕು.

ಮೊದಲು ಕಾಣುವುದು ಬೆಳ್ಳಗಿನ ಕುದಿತ. ಅಂಚು ಹರಿದು ಹರಿದು ಸೇರುತ್ತದೆ, ಎರಡು ಕಂದು ಪಟ್ಟೆ ಇದೆಯೋ ಇಲ್ಲವೋ ಅನ್ನುವಂತೆ ಬಂದು ಹೋಗುತ್ತವೆ. ಕಣ್ಣು ತೆಗೆಯಬೇಡಿ. ಇದ್ದಕ್ಕಿದ್ದಂತೆ ಒಂದೆರಡು ಸೆಕೆಂಡ್ ಎಲ್ಲಾ ನಿಲ್ಲುತ್ತದೆ. ಪಟ್ಟೆ ಬರೀ ಗೆರೆ ಅಲ್ಲ, ಅದರ ಅಂಚಿನಲ್ಲಿ ಏರಿಳಿತ ಇದೆ, ಒಂದು ಕಡೆ ಬಣ್ಣ ಗಾಢ, ಪಟ್ಟೆಯಲ್ಲಿ ಒಂದು ತಗ್ಗು, ತಗ್ಗಿನಲ್ಲಿ ಮಸುಕು ಕಿತ್ತಳೆ ಬಣ್ಣದ ಮೊಟ್ಟೆಯಾಕಾರ, ಅದೇ ದೊಡ್ಡ ಕೆಂಪು ಮಚ್ಚೆ. ಅದೃಷ್ಟ ಇದ್ದರೆ ಬಿಳಿ ಜಾಗದ ಮೇಲೆ ಮಸಿಯಷ್ಟು ಕಪ್ಪಾದ, ಒಂದು ಚೂರೂ ಮಸುಕಿಲ್ಲದ ಸಣ್ಣ ಚುಕ್ಕೆ. ಗುರುವಿನ ಉಪಗ್ರಹ ಅಯೋದ ನೆರಳು. ಮತ್ತೆ ಕುದಿತ. ಗ್ರಹ ನೋಡುವುದು ಅಂದರೆ ಈ ಸೆಕೆಂಡುಗಳನ್ನು ಕೂಡಿಸಿಕೊಳ್ಳುವುದು, ಕಣ್ಣು ಪಳಗಿದಷ್ಟೂ ಅವು ಜಾಸ್ತಿ ಸಿಗುತ್ತವೆ. ಗುರು ತನ್ನ ಸುತ್ತ ತಾನು ತಿರುಗಲು 10 ಗಂಟೆಯೂ ತಗೊಳ್ಳುವುದಿಲ್ಲ. ಅರ್ಧ ಗಂಟೆ ಕೂತರೆ ಮಚ್ಚೆ ಜರುಗಿರುವುದು ಗೊತ್ತಾಗುತ್ತದೆ.

ಬರೆದಿಡುವ ಅಭ್ಯಾಸ ಇದ್ದರೆ ಆಂಟೋನಿಯಾಡಿ ಅನ್ನುವ ಖಗೋಳ ವಿಜ್ಞಾನಿ ಮಾಡಿಕೊಟ್ಟ ಐದು ಮೆಟ್ಟಿಲಿನ ಅಳತೆ ಬಳಸಿ. ಒಂದು ಅಂದರೆ ಅಲುಗಾಟವೇ ಇಲ್ಲ, ಎರಡು ಅಂದರೆ ಆಗಾಗ ನಡುಕ, ನಡುವೆ ಸೆಕೆಂಡುಗಟ್ಟಲೆ ಶಾಂತ. ಮೂರು ಸಾಧಾರಣ, ನಾಲ್ಕು ಕೆಟ್ಟದ್ದು, ಐದಕ್ಕೆ ಚಿತ್ರ ಬಿಡಿಸಲೂ ಆಗದು. ದಿನಾಂಕ, ಹೊತ್ತು, ಗಾಳಿ ದಿಕ್ಕು, ಈ ಅಂಕಿ, ಇಷ್ಟು ಒಂದು ಸಾಲಿನಲ್ಲಿ ಬರೆದರೆ ಒಂದು ವರ್ಷದಲ್ಲಿ ನಿಮ್ಮ ಹಿತ್ತಲಿನ ಪಂಚಾಂಗ ತಯಾರು.

ಅಕ್ಕಪಕ್ಕದವರು ಬಂದೇ ಬರುತ್ತಾರೆ. "ಏನಪ್ಪಾ, ಗುರು ನೋಡಾಕತ್ತೀಯಂತ, ನಮ್ಗ ಗುರುಬಲ ಐತೇನು ನೋಡು" ಅಂತ ಓಣಿಯ ಅಜ್ಜಿ ಕೇಳಿದರೆ "ನೀವೇ ನೋಡ್ರೀ ಅಜ್ಜಿ" ಅಂತ ಸ್ಟೂಲ್ ಬಿಟ್ಟುಕೊಡಿ. ಅವರಿಗೆ ಮಾತ್ರ 50 ಪಟ್ಟಿಗೆ ಇಳಿಸಿ ತೋರಿಸಿ. ನಾಲ್ಕು ಉಪಗ್ರಹ ಸಾಲಾಗಿ ಕಾಣಬೇಕು, 1610ರಲ್ಲಿ ಗೆಲಿಲಿಯೋ ಕಂಡಿದ್ದೂ ಅಷ್ಟೇ. ಹೊಸ ಕಣ್ಣಿಗೆ ಹೆಚ್ಚು ಪವರ್ ಕೊಟ್ಟರೆ ಗ್ರಹ ಐಪೀಸಿನಿಂದ ಓಡಿಹೋಗಿ "ಏನೂ ಕಾಣವಲ್ದು" ಆಗುತ್ತದೆ.

ಕಾಲಕ್ಕೆ ತಕ್ಕ ಹಾಗೆ

ಮಾರ್ಚಿನಿಂದ ಮೇವರೆಗೆ ಸಂಜೆ ಮರೆತುಬಿಡಿ. ನೆಲ, ಗೋಡೆ, ಬಂಡೆ ಎಲ್ಲಾ ಕಾದಿರುತ್ತವೆ. ಮಧ್ಯರಾತ್ರಿ ದಾಟಿ, ಎರಡು ಮೂರು ಗಂಟೆಯಿಂದ ಬೆಳಗಾಗುವವರೆಗೆ ಒಳ್ಳೆಯ ಹೊತ್ತು, ಹೇಗೂ ಕರೆಂಟ್ ಹೋಗಿ ಎಚ್ಚರ ಆಗಿರುತ್ತದೆ. ಸಂಜೆಯ ಗುಡುಗು ಮಳೆ ಬಂದ ದಿನ ಎಚ್ಚರ ಆದರೂ ಹೊರಗೆ ಬರಬೇಡಿ ಅನ್ನುವಷ್ಟು ಗಾಳಿ ಕಲಸಿರುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡದ್ದು ಒಂದು ಕಾಟವಾದರೆ, ಮೋಡ ಸರಿದ ರಾತ್ರಿಯೂ ನಂಬುವ ಹಾಗಿಲ್ಲ. ಕೆಳಗೆ ಪಶ್ಚಿಮದ ಗಾಳಿ ಜೋರು. ಅದರ ಮೇಲೆ, ಸುಮಾರು 14–15 ಕಿಲೋಮೀಟರ್ ಎತ್ತರದಲ್ಲಿ, ದಕ್ಷಿಣ ಭಾರತದ ನೆತ್ತಿಗೇ ಪೂರ್ವದಿಂದ ಒಂದು ವೇಗದ ಗಾಳಿಹೊಳೆ ಹರಿಯುತ್ತದೆ, ಹವಾಮಾನದವರು ಅದನ್ನು ಉಷ್ಣವಲಯದ ಪೂರ್ವದ ಜೆಟ್ ಅನ್ನುತ್ತಾರೆ. ಕೆಳಗೊಂದು ದಿಕ್ಕು, ಮೇಲೊಂದು ದಿಕ್ಕು. ವಿಂಡಿ ತರದ ಹವಾಮಾನದ ಆ್ಯಪಿನಲ್ಲಿ 150 ಹೆಕ್ಟೋಪಾಸ್ಕಲ್ ಮಟ್ಟ (ಆ ಎತ್ತರದ ಗಾಳಿಯ ಒತ್ತಡ) ಆರಿಸಿ ಬಳ್ಳಾರಿಯ ಮೇಲೆ ಬೆರಳಿಟ್ಟರೆ ಆ ದಿನದ ವೇಗ ಕಾಣುತ್ತದೆ, ವೇಗ ಇಳಿದ ದಿನ ಪ್ರಯತ್ನಿಸಿ.

ಅಕ್ಟೋಬರ್, ನವೆಂಬರ್ ಬೆರಕೆ ತಿಂಗಳು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಮೂರು ದಿನ ಮೋಡ, ಇಲ್ಲದಿದ್ದರೆ ಚೆನ್ನಾಗಿರುತ್ತದೆ.

ಡಿಸೆಂಬರ್‌ನಿಂದ ಫೆಬ್ರವರಿ ನಮ್ಮ ಸುಗ್ಗಿ. ಉತ್ತರ ಭಾರತದವರಿಗೆ ಈ ತಿಂಗಳುಗಳಲ್ಲಿ ಹಿಮಾಲಯದ ದಕ್ಷಿಣಕ್ಕೆ ಪಶ್ಚಿಮದ ಜೆಟ್ ತಲೆ ಮೇಲೆ ಕೂತಿರುತ್ತದೆ, ದೆಹಲಿಯ ಹವ್ಯಾಸಿಗಳ ಗೋಳು ಅದೇ. ಅದರ ನಡುಭಾಗ ನಮಗೆ ದೂರ. ಬೀಸುವ ಗಾಳಿ ಕಮ್ಮಿ, ರಾತ್ರಿ ಮಂಕು, ನೆಲ ಬೇಗ ತಣಿಯುತ್ತದೆ. ಕೃಷ್ಣಾ, ತುಂಗಭದ್ರಾ ನಡುವಿನ ಎಡೆದೊರೆಯ ನೀರಾವರಿ ಕಡೆ ಮಾತ್ರ ಇಬ್ಬನಿ ಕಾಟ. ಕಪ್ಪು ಚಾರ್ಟ್ ಶೀಟನ್ನೋ ಹಳೆ ಯೋಗಾ ಮ್ಯಾಟನ್ನೋ ಸುತ್ತಿ ಟ್ಯೂಬಿನ ಬಾಯಿಯನ್ನು ಒಂದಡಿ ಉದ್ದ ಮಾಡಿದರೆ ಕನ್ನಡಿ ಬಹಳ ಹೊತ್ತು ಒಣಗಿರುತ್ತದೆ.

ಗಾಳಿ ಕೆಟ್ಟ ರಾತ್ರಿ ಏನು ನೋಡಬಹುದು

ಟೆಲಿಸ್ಕೋಪ್ ಹೊರಗೆ ತಂದಾಗಿದೆ, ಒಳಗೆ ಒಯ್ಯಲು ಮನಸ್ಸಿಲ್ಲ. ಗುರುವಿನ ಉಪಗ್ರಹಗಳ ಜಾಗ ಬರೆದುಕೊಳ್ಳಿ. ಅಯೋ 42 ಗಂಟೆಗೆ ಒಂದು ಸುತ್ತು ಹಾಕುತ್ತದೆ, ಎರಡು ಗಂಟೆ ಬಿಟ್ಟು ನೋಡಿದರೂ ಜಾಗ ಬದಲಾಗಿರುತ್ತದೆ. ಶನಿಯ ಪಕ್ಕದಲ್ಲಿ ಅದರ ಉಪಗ್ರಹ ಟೈಟನ್ ಹುಡುಕಿ. ಶುಕ್ರ ಸಂಜೆಯಲ್ಲಿದ್ದರೆ ಕತ್ತಲಾಗುವವರೆಗೆ ಕಾಯಬೇಡಿ. ಸೂರ್ಯ ಪೂರ್ತಿ ಮುಳುಗಿದ ಕೂಡಲೇ, ಆಕಾಶ ಇನ್ನೂ ಬೆಳ್ಳಗಿರುವಾಗಲೇ ಹಿಡಿಯಿರಿ, ಆಗ ಅದು ಎತ್ತರದಲ್ಲೂ ಇರುತ್ತದೆ, ಕಣ್ಣೂ ಕುಕ್ಕುವುದಿಲ್ಲ, ಅರ್ಧಚಂದ್ರದಂಥ ಆಕಾರ ಕಾಣುತ್ತದೆ. ಸೂರ್ಯ ಮೇಲಿರುವಾಗ ಮಾತ್ರ ಟೆಲಿಸ್ಕೋಪನ್ನು ಆ ಕಡೆ ತಿರುಗಿಸಲೇಬೇಡಿ, ಒಂದು ಕ್ಷಣಕ್ಕೆ ಕಣ್ಣು ಶಾಶ್ವತವಾಗಿ ಹೋಗುತ್ತದೆ. ಮಕ್ಕಳಿರುವ ಮನೆಯಲ್ಲಿ ಹಗಲು ಮುಚ್ಚಳ ತೆಗೆದು ಮಾಳಿಗೆ ಮೇಲೆ ಬಿಡಲೂ ಬೇಡಿ.

ಕೆಲವರು ಟ್ಯೂಬಿನ ಮುಚ್ಚಳದಲ್ಲಿರುವ ಸಣ್ಣ ತೂತನ್ನು ಮಾತ್ರ ತೆರೆದು ನೋಡಿ ಅಂತ ಸಲಹೆ ಕೊಡುತ್ತಾರೆ. ಶುಕ್ರ, ಚಂದ್ರನ ಪ್ರಖರತೆ ಇಳಿಸಲು ಸರಿ. ಗುರುವಿಗೆ ನಾನು ಮಾಡುವುದಿಲ್ಲ. ಅಲುಗಾಟ ಕಮ್ಮಿ ಅನ್ನಿಸುತ್ತದೆ ನಿಜ, ಜೊತೆಗೆ ವಿವರವೂ ಹೋಗುತ್ತದೆ, ಆ ಒಂದೆರಡು ಒಳ್ಳೆಯ ಸೆಕೆಂಡು ಬಂದಾಗ ಪೂರ್ತಿ ಕನ್ನಡಿ ತೆರೆದಿರಬೇಕು.

ಶನಿಯ ಉಂಗುರದ ನಡುವಿನ ಕಪ್ಪು ಗೆರೆ, 1675ರಲ್ಲಿ ಖಗೋಳ ವಿಜ್ಞಾನಿ ಕ್ಯಾಸಿನಿ ಗುರುತಿಸಿದ್ದು, ಅದೇ ಗಾಳಿಯ ಪರೀಕ್ಷೆ. ಉಂಗುರದ ಎರಡು ತುದಿಗಳಲ್ಲಿ ಅದು ಕಂಡರೆ ಒಳ್ಳೆಯ ರಾತ್ರಿ. ಆದರೆ 2025ರ ಮಾರ್ಚಿನಲ್ಲಿ ಉಂಗುರ ನಮಗೆ ಅಡ್ಡ ಅಂಚಾಗಿ ತಿರುಗಿತ್ತು, ಈಗ ವರ್ಷ ವರ್ಷ ಬಿಚ್ಚಿಕೊಳ್ಳುತ್ತಿದೆ, ಪೂರ್ತಿ ಅಗಲವಾಗುವುದು 2032ರ ಸುಮಾರಿಗೆ. ಅಲ್ಲಿಯವರೆಗೆ ಗೆರೆ ಕಾಣದಿದ್ದರೆ ಗಾಳಿಯನ್ನೊಂದೇ ಬೈಯಬೇಡಿ.

ಕ್ಯಾಲೆಂಡರಿನಲ್ಲಿ ಗುರುತು ಹಾಕಿ

2026ರ ಅಕ್ಟೋಬರ್ 4ಕ್ಕೆ ಶನಿ ವಿರೋಧಕ್ಕೆ ಬರುತ್ತದೆ, ಮಧ್ಯರಾತ್ರಿ ನೆತ್ತಿಗಿಂತ ಸ್ವಲ್ಪ ದಕ್ಷಿಣಕ್ಕೆ. 2027ರ ಫೆಬ್ರವರಿ 10–11ರ ಸುಮಾರಿಗೆ ಗುರು, ಅದೇ ತಿಂಗಳ 19ಕ್ಕೆ ಮಂಗಳ. ಎರಡೂ ಸಿಂಹ ರಾಶಿಯ ನಕ್ಷತ್ರಗಳ ನಡುವೆ, ಎರಡೂ ನಮ್ಮ ಊರುಗಳಿಗೆ ಹೆಚ್ಚುಕಮ್ಮಿ ನೆತ್ತಿಯ ಮೇಲೇ ದಾಟುತ್ತವೆ, ಅದೂ ಚಳಿ ಇನ್ನೂ ಪೂರ್ತಿ ಬಿಡದ ಫೆಬ್ರವರಿಯಲ್ಲಿ. ಮಂಗಳ ಈ ಸಲ ಸಣ್ಣದು, 14 ಆರ್ಕ್‌ಸೆಕೆಂಡಿನಷ್ಟೂ ಬೆಳೆಯುವುದಿಲ್ಲ. ಗಾಳಿ ನಿಂತ ರಾತ್ರಿ 150ಕ್ಕಿಂತ ಮೇಲೆ ಏರಿಸಿ ಉತ್ತರ ಧ್ರುವದ ಬಿಳಿ ಹಿಮದ ಟೋಪಿಯನ್ನು ಹುಡುಕಿ.

ಒಂದು ತೊಡಕಿದೆ. ಡಾಬ್ಸೋನಿಯನ್, ಅಂದರೆ ತಿರುಗುವ ಪೆಟ್ಟಿಗೆಯ ಮೇಲೆ ಕೂರಿಸಿದ ಕನ್ನಡಿ ಟೆಲಿಸ್ಕೋಪನ್ನು ನೇರ ಮೇಲಕ್ಕೆ ನಿಲ್ಲಿಸಿದರೆ ಪಕ್ಕಕ್ಕೆ ತಿರುಗಿಸಲು ಹಿಡಿತವೇ ಸಿಗುವುದಿಲ್ಲ, ಗ್ರಹ ತಪ್ಪಿಸಿಕೊಂಡರೆ ಮತ್ತೆ ಹಿಡಿಯುವಷ್ಟರಲ್ಲಿ ಸಾಕಾಗುತ್ತದೆ. ನಮ್ಮ ಗಡಿಯಾರದ ಪ್ರಕಾರ ಆ ದಿನಗಳಲ್ಲಿ ಗುರು ನೆತ್ತಿಗೆ ಬರುವುದು ಹನ್ನೆರಡೂವರೆ ದಾಟಿದ ಮೇಲೆ. ಹನ್ನೊಂದೂವರೆಗೆ ಕೂತುಬಿಡಿ. ಆಗಲೇ ಅದು 75 ಡಿಗ್ರಿ ಎತ್ತರದಲ್ಲಿರುತ್ತದೆ, ಗಾಳಿಯ ಲೆಕ್ಕದಲ್ಲಿ ನೆತ್ತಿಗೂ ಅದಕ್ಕೂ ಏನೂ ವ್ಯತ್ಯಾಸವಿಲ್ಲ. ಟೆಲಿಸ್ಕೋಪನ್ನು ಹತ್ತೂವರೆಗೇ ಹೊರಗಿಟ್ಟಿರಬೇಕು ಅಷ್ಟೇ.